ಊಹೆಯ ತರ್ಕ

ದೇವದತ್ತನು ಮೈತುಂಬಿಕೊಂಡಿದ್ದಾನೆ, ಆದರೆ ಹಗಲಿನಲ್ಲಿ ಏನನ್ನೂ ಉಣ್ಣುವುದಿಲ್ಲ. ಅಂದಮೇಲೆ ರಾತ್ರಿ ಉಣ್ಣುತ್ತಿರಲೇಬೇಕು. ಮೀಮಾಂಸಕರ ಈ ಹಳೆಯ ನಿದರ್ಶನ ಕೇಳುಗರಲ್ಲಿ ಹಲವರಿಗೆ ಪರಿಚಿತವೇ. ಕಾಣದ ಸಂಗತಿಯೊಂದನ್ನು ಕಲ್ಪಿಸಿಕೊಳ್ಳದ ಹೊರತು ಕಂಡದ್ದು ಹೊಂದಿಕೆಯಾಗದಿದ್ದಾಗ ಹಾಗೆ ಕಲ್ಪಿಸುವುದನ್ನು ಅವರು ಅರ್ಥಾಪತ್ತಿಯೆಂದು ಕರೆದು, ಅದಕ್ಕೆ ಪ್ರಮಾಣದ ಪಟ್ಟವನ್ನೇ ಕಟ್ಟಿದರು.

ಅಮೆರಿಕದ ತತ್ತ್ವಜ್ಞ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914) ವಿವರಿಸಿದ ‘ಅಬ್ಡಕ್ಷನ್’ ಇದರ ನೆರೆಯದು. ನಾವು ಊಹಾತರ್ಕವೆನ್ನೋಣ. ಆದರೆ ಅವನ ದೃಷ್ಟಿಯಲ್ಲಿ ಅದು ‘ಇರಲೇಬೇಕು’ ಎನ್ನುವುದಿಲ್ಲ. ‘ಇರಬಹುದು, ಪರೀಕ್ಷಿಸಿ ನೋಡು’ ಎನ್ನುತ್ತದೆ. ಹೊಸ ವಿಚಾರವನ್ನು ತರಬಲ್ಲ ತರ್ಕ ಇದೊಂದೇ ಎಂಬುದು ಅವನ ಮತ.

ಗಣಕಯಂತ್ರಕ್ಕೆ ಇದನ್ನು ಕಲಿಸುವ ಯತ್ನಗಳಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ‘ಇಂಟರ್ನಿಸ್ಟ್’ ಗಮನಾರ್ಹವಾದುದು. ವೈದ್ಯರಾದ ಜ್ಯಾಕ್ ಮೈಯರ್ಸ್ ಮತ್ತು ಗಣಕತಜ್ಞ ಹ್ಯಾರಿ ಪೋಪಲ್ 1970ರ ದಶಕದಲ್ಲಿ ಇದನ್ನು ರೂಪಿಸಿದರು. ಐನೂರಕ್ಕೂ ಹೆಚ್ಚು ರೋಗಗಳು ಅದರ ಭಂಡಾರದಲ್ಲಿದ್ದವು. ಪಿತ್ತನಾಳ ಮುಚ್ಚಿಕೊಂಡರೆ ಕಾಮಾಲೆ ಸಹಜ. ಆದರೆ ಕಾಮಾಲೆ ಕಂಡೊಡನೆ ಪಿತ್ತನಾಳವನ್ನು ದೂರಲಾಗದು. ಯಕೃತ್ತು ಉರಿಯೂತದಿಂದ ಕೆಟ್ಟಿರಬಹುದು, ರಕ್ತಕಣಗಳು ಒಡೆಯುತ್ತಿರಬಹುದು. ಆದುದರಿಂದ ಒಂದೊಂದು ರೋಗಕ್ಕೂ ಲಕ್ಷಣಕ್ಕೂ ನಡುವೆ ಎರಡು ಅಂಕಗಳು: ಲಕ್ಷಣವು ಆ ರೋಗವನ್ನು ಎಷ್ಟು ಬಲವಾಗಿ ನೆನಪಿಗೆ ತರುತ್ತದೆ ಎಂಬುದಕ್ಕೆ 0ರಿಂದ 5, ರೋಗವಿದ್ದಲ್ಲಿ ಲಕ್ಷಣ ಎಷ್ಟು ಸಲ ತೋರುತ್ತದೆ ಎಂಬುದಕ್ಕೆ 1ರಿಂದ 5. ನಿರೀಕ್ಷಿಸಿದ ಲಕ್ಷಣ ಕಾಣದಿದ್ದರೆ ಆ ಊಹೆಯ ಬೆಲೆ ಇಳಿಯುತ್ತದೆ. ಮುಖ್ಯವಾದ ಲಕ್ಷಣವೊಂದು ವಿವರಣೆಯಿಲ್ಲದೆ ಉಳಿದರೂ ಇಳಿಯುತ್ತದೆ. ಪ್ರತಿಸ್ಪರ್ಧಿಗಳು ಉಳಿದರೆ ಯಂತ್ರವು ಮತ್ತೆ ಪ್ರಶ್ನೆ ಕೇಳುತ್ತದೆ. ತಾಳ್ಮೆಯುಳ್ಳ ವೈದ್ಯನ ನಡೆಯೇ ಇದು!

1982ರಲ್ಲಿ ಪರೀಕ್ಷೆಯ ಫಲ ಪ್ರಕಟವಾಯಿತು. 19 ಕಠಿಣ ಪ್ರಕರಣಗಳಲ್ಲಿ ಖಚಿತಪಟ್ಟ 43 ರೋಗನಿರ್ಣಯಗಳ ಪೈಕಿ ಯಂತ್ರವು 25ನ್ನು ಗುರುತಿಸಿತು. ಚಿಕಿತ್ಸೆ ನೀಡಿದ ವೈದ್ಯರು 28ನ್ನು, ಆ ಪ್ರಕರಣಗಳನ್ನು ಚರ್ಚಿಸಿದ ತಜ್ಞರು 35ನ್ನು. ವೈದ್ಯರಿಗೂ ಯಂತ್ರಕ್ಕೂ ಇದ್ದ ಅಂತರ ಮೂರೇ ಎಂಬುದು ಬೆರಗಿನ ಮಾತು. ನನಗಾದರೋ ಅದರ ಸೋಲುಗಳೇ ಹೆಚ್ಚು ಬೋಧಪ್ರದವೆನಿಸುತ್ತವೆ. ಯಾವ ಲಕ್ಷಣ ಮೊದಲು, ಯಾವುದು ಅನಂತರ ಎಂಬ ಕಾಲಕ್ರಮವನ್ನು ಅದು ವಿವೇಚಿಸಲಾರದು. ತನ್ನ ನಿರ್ಣಯಕ್ಕೆ ಬಂದ ದಾರಿಯನ್ನು ಬಿಡಿಸಿ ಹೇಳಲಾರದು. ಭಂಡಾರದಲ್ಲಿಲ್ಲದ ರೋಗವಂತೂ ಅದರ ಊಹೆಗೆ ನಿಲುಕುವಂತಿರಲಿಲ್ಲ. ಅದು ಇದ್ದ ಊಹೆಗಳಲ್ಲಿ ಒಂದನ್ನು ಆರಿಸುತ್ತಿತ್ತು, ಹೊಸದನ್ನು ಹುಟ್ಟಿಸುತ್ತಿರಲಿಲ್ಲ.

ಇಂದಿನ ಭಾಷಾಯಂತ್ರಗಳಿಗೆ ಅಂಥ ಸಿದ್ಧಪಟ್ಟಿಯ ಹಂಗಿಲ್ಲ. ಕೇಳಿದೊಡನೆ ಹತ್ತು ಕಾರಣಗಳನ್ನು ಮುಂದಿಡುತ್ತವೆ. ಆದರೆ ಆಧಾರವಿರುವ ಊಹೆಯನ್ನೂ ಆಧಾರವಿಲ್ಲದ ಊಹೆಯನ್ನೂ ಅನೇಕ ವೇಳೆ ಒಂದೇ ಧಾಟಿಯಲ್ಲಿ ನುಡಿಯುತ್ತವೆ. ಯಾವುದು ‘ಇರಲೇಬೇಕು’, ಯಾವುದು ‘ಇರಬಹುದು’ ಎಂದು ಬೇರ್ಪಡಿಸುವ ಹೊರೆ ಹಾಸಿಗೆಯ ಬಳಿ ನಿಂತ ವೈದ್ಯನ ಮೇಲೆಯೇ ಬೀಳುತ್ತದೆ.