ರಟ್ಟೆಯ ಬಲವೂ ರಕ್ತದ ಒತ್ತಡವೂ

ಮೈಯಲ್ಲಿ ಬಲವಿದ್ದವನ ಬಳಿ ರೋಗ ಸುಳಿಯದೆಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಗರಡಿಯಲ್ಲಿ ಸಾಮು ಮಾಡಿ ಮೈಯನ್ನು ಹುರಿಗೊಳಿಸಿದ ತರುಣನನ್ನಾಗಲಿ, ಇಂದಿನ ವ್ಯಾಯಾಮಶಾಲೆಯಲ್ಲಿ ಮಣಭಾರದ ಕಬ್ಬಿಣವನ್ನು ತಲೆಯ ಮೇಲೆತ್ತಿ ನಿಲ್ಲುವವನನ್ನಾಗಲಿ ಕಂಡಾಗ, ಇವನ ಹೃದಯವೂ ರಕ್ತನಾಳಗಳೂ ತೋಳಿನಷ್ಟೇ ದೃಢವಾಗಿರಬೇಕೆಂದು ನಾವು ಭಾವಿಸುತ್ತೇವೆ. ಹೀಗಿರಲು, ಇಪ್ಪತ್ತೆರಡು ವರ್ಷದ ಅಂಥ ಒಬ್ಬ ತರುಣನ ರಕ್ತದ ಒತ್ತಡವನ್ನು ಅಳೆದ ವೈದ್ಯರು ಚೀಟಿಯಲ್ಲಿ 148/78 ಎಂದು ಬರೆದರೆಂದು ಊಹಿಸೋಣ. ಮನೆಯವರು ಗಾಬರಿಗೊಳ್ಳುವರು. ಜೊತೆಯ ಪಟುಗಳು, “ಅದೆಲ್ಲ ರಟ್ಟೆ ದಪ್ಪವಾಗಿರುವುದರ ಮಹಿಮೆ; ಲಕ್ಷ್ಯ ಕೊಡಬೇಡ” ಎನ್ನುವರು. ಇವರಲ್ಲಿ ಯಾರ ಮಾತು ಸರಿ? ಇಬ್ಬರದೂ ಅವಸರದ ತೀರ್ಪೇ ಎಂಬುದನ್ನು ಮುಂದೆ ನೋಡೋಣ.

ಮೊದಲು ಆ ಎರಡು ಅಂಕಿಗಳ ಅರ್ಥವೇನೆಂಬುದನ್ನು ತಿಳಿಯಬೇಕು. ಹೃದಯವು ಸಂಕೋಚಗೊಂಡು ರಕ್ತವನ್ನು ಹೊರದೂಡಿದಾಗ ಧಮನಿಗಳಲ್ಲಿ ಉಂಟಾಗುವ ಅತ್ಯಧಿಕ ಒತ್ತಡವನ್ನು ಮೇಲಿನ ಅಂಕಿಯೂ, ಅದು ವಿಕಸಿಸಿ ವಿಶ್ರಮಿಸುವಾಗ ಉಳಿಯುವ ಕನಿಷ್ಠ ಒತ್ತಡವನ್ನು ಕೆಳಗಿನ ಅಂಕಿಯೂ ಸೂಚಿಸುತ್ತವೆ. ಈ ಒತ್ತಡವನ್ನು ಮೊದಲು ಅಳೆದು ಪ್ರಕಟಿಸಿದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಅವನು ಕುದುರೆಯ ಧಮನಿಗೆ ಕೊಳವೆಯನ್ನು ಜೋಡಿಸಿದಾಗ ರಕ್ತವು ಎಂಟು ಅಡಿಗೂ ಮೇಲಕ್ಕೆ ಏರಿತೆಂದು 1733ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಮನುಷ್ಯರಿಗೆ ಇಂಥ ಪ್ರಯೋಗ ಸಲ್ಲದು. ಇಟಲಿಯ ವೈದ್ಯ ರಿವಾ-ರೊಚ್ಚಿ 1896ರಲ್ಲಿ ತೋಳಿಗೆ ಗಾಳಿಯ ಪಟ್ಟಿಯನ್ನು ಸುತ್ತಿ, ಪಾದರಸದ ಮಾಪಕದಿಂದ ಒತ್ತಡವನ್ನು ಅಳೆಯುವ ಉಪಾಯವನ್ನು ತೋರಿಸಿದನು. 1905ರಲ್ಲಿ ರಷ್ಯದ ಕೊರೊಟ್ಕಾಫ್, ಆ ಪಟ್ಟಿಯ ಕೆಳಗೆ ಧಮನಿಯ ಸದ್ದನ್ನು ಆಲಿಸಿ ಎರಡು ಅಂಕಿಗಳನ್ನೂ ಗುರುತಿಸುವ ಕ್ರಮವನ್ನು ಹೇಳಿಕೊಟ್ಟನು. ಇಂದಿಗೂ ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲೇ ಹೇಳುವ ರೂಢಿ ಉಳಿದಿದೆ.

ಪಟ್ಟಿಯೂ ತೋಳೂ

ಈ ಉಪಕರಣವು ಧಮನಿಯನ್ನು ನೇರವಾಗಿ ಮುಟ್ಟುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಪಟ್ಟಿಯ ಗಾಳಿಯು ಚರ್ಮ, ಕೊಬ್ಬು, ಮಾಂಸಖಂಡ ಇವುಗಳ ಮೂಲಕ ಒತ್ತಿ, ಒಳಗಿನ ಧಮನಿಯನ್ನು ಮುಚ್ಚಬೇಕು. ತೋಟಕ್ಕೆ ನೀರು ಹಾಯಿಸುವ ರಬ್ಬರು ಕೊಳವೆಯನ್ನು ತೆಳುವಾದ ಬಟ್ಟೆಯಿಂದ ಮುಚ್ಚಿ ಅಂಗೈಯಿಂದ ಒತ್ತಿದರೆ ಅದು ಸುಲಭವಾಗಿ ಅಮುಕುತ್ತದೆ. ಅದನ್ನೇ ದಪ್ಪನಾದ ಹಾಸಿಗೆಯ ಕೆಳಗಿಟ್ಟು ಒಂದೇ ಬೆರಳಿನಿಂದ ಒತ್ತಿ ನೋಡಿ. ಎಷ್ಟೋ ಹೆಚ್ಚು ಬಲ ಬೇಕಾಗುವುದು. ದಪ್ಪ ರಟ್ಟೆಗೆ ಚಿಕ್ಕ ಪಟ್ಟಿಯನ್ನು ಸುತ್ತಿದಾಗ ಆಗುವುದೂ ಇದೇ. ಧಮನಿಯನ್ನು ಮುಚ್ಚಲು ತಗಲಿದ ಆ ಹೆಚ್ಚಿನ ಬಲವನ್ನು ಉಪಕರಣವು ರಕ್ತದ ಒತ್ತಡವೆಂದೇ ತೋರಿಸುತ್ತದೆ.

ವಯಸ್ಕರ ಸಾಮಾನ್ಯ ಪಟ್ಟಿಯನ್ನು ಸುಮಾರು 27ರಿಂದ 34 ಸೆಂಟಿಮೀಟರು ಸುತ್ತಳತೆಯ ತೋಳಿಗೆಂದು ಮಾಡಿರುತ್ತಾರೆ. ಭಾರ ಎತ್ತುವ ಪಟುಗಳಲ್ಲಿ 38, 40 ಸೆಂಟಿಮೀಟರಿನ ರಟ್ಟೆ ಅಪೂರ್ವವಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿಯನ್ನು ಸುತ್ತಿದಾಗ ಮೇಲಿನ ಅಂಕಿ ಸರಾಸರಿ 5 ಮಿಲಿಮೀಟರಿನಷ್ಟೂ, ಅತಿದೊಡ್ಡ ಪಟ್ಟಿ ಬೇಕಾದವರಲ್ಲಿ 20 ಮಿಲಿಮೀಟರಿನ ಹತ್ತಿರದಷ್ಟೂ ಹೆಚ್ಚಾಗಿ ಕಂಡಿತು. ಹೀಗೆ ಪಟ್ಟಿಯೊಂದನ್ನು ಬದಲಾಯಿಸಿದ ಮಾತ್ರಕ್ಕೆ ‘ರೋಗಿ’ಯೊಬ್ಬನು ನಿರೋಗಿಯಾಗುವ ಸಂಭವವುಂಟು.

ಅಳೆಯುವ ಗಳಿಗೆ

ರಕ್ತದ ಒತ್ತಡವು ಕಲ್ಲಿನಲ್ಲಿ ಕೊರೆದ ಅಂಕಿಯಲ್ಲ. ಅದು ಗಳಿಗೆ ಗಳಿಗೆಗೂ ಏರಿಳಿಯುತ್ತದೆ. ಮಾತನಾಡಿದರೆ, ಕಾಫಿ ಕುಡಿದರೆ, ಮೂತ್ರವನ್ನು ತಡೆದು ಕುಳಿತರೆ, ವೈದ್ಯರನ್ನು ಕಂಡು ಅಳುಕಿದರೆ ಅದು ಮೇಲೇರುವುದು. ಭಾರ ಎತ್ತುವ ಸಮಯದಲ್ಲಿ ಅದು ಏರುವ ಎತ್ತರವಂತೂ ಬೆರಗುಗೊಳಿಸುವಂಥದು. ಕೆನಡದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮ್ಯಾಕ್‌ಡೂಗಲ್ ಮತ್ತು ಅವರ ಸಹೋದ್ಯೋಗಿಗಳು ಐವರು ಅಂಗಸಾಧಕರ ತೋಳಿನ ಧಮನಿಯೊಳಕ್ಕೇ ಸಣ್ಣ ನಳಿಕೆಯನ್ನು ತೂರಿಸಿ ಈ ಏರಿಕೆಯನ್ನು ಅಳೆದು, 1985ರಲ್ಲಿ ಪ್ರಕಟಿಸಿದರು. ಎರಡು ಕಾಲುಗಳಿಂದಲೂ ಭಾರವನ್ನು ತಳ್ಳುವಾಗ ಅವರ ಒತ್ತಡ ಸರಾಸರಿ 320/250ಕ್ಕೆ ಏರಿತ್ತು. ಒಬ್ಬನಲ್ಲಿ 480/350ನ್ನೂ ಮೀರಿತ್ತು. ಸಾಧಾರಣವಾದ 120 ಮಿಲಿಮೀಟರಿನ ಒತ್ತಡವು ರಕ್ತವನ್ನು ನೆಟ್ಟನೆಯ ಕೊಳವೆಯಲ್ಲಿ ಸುಮಾರು ಒಂದೂವರೆ ಮೀಟರು ಏರಿಸಬಲ್ಲುದು. 320 ಮಿಲಿಮೀಟರಿನ ಒತ್ತಡವಾದರೋ ನಾಲ್ಕು ಮೀಟರಿಗೂ ಮೇಲೆ ಏರಿಸೀತು.

ಇದಕ್ಕೆ ಕಾರಣವೇನು? ಬಿಗಿದುಕೊಂಡ ಮಾಂಸಖಂಡಗಳು ತಮ್ಮೊಳಗಿನ ರಕ್ತನಾಳಗಳನ್ನು ಹಿಂಡಿ ರಕ್ತದ ಹಾದಿಯನ್ನು ಇಕ್ಕಟ್ಟುಗೊಳಿಸುತ್ತವೆ. ದುಡಿಯುವ ಮಾಂಸಖಂಡಗಳಿಂದ ಹೊರಟ ನರಸಂದೇಶಗಳು ಹೃದಯವನ್ನು ಚುರುಕುಗೊಳಿಸುತ್ತವೆ. ಇವಕ್ಕೆ ಜೊತೆಯಾಗಿ ಪಟುವು ಉಸಿರನ್ನು ಬಿಗಿಹಿಡಿದು ಮುಕ್ಕಿರಿದಾಗ ಎದೆಯೊಳಗಿನ ಒತ್ತಡವೂ ಏರಿ ಧಮನಿಗಳ ಒತ್ತಡಕ್ಕೆ ಸೇರಿಕೊಳ್ಳುತ್ತದೆ. ಭಾರವನ್ನು ಕೆಳಗಿಳಿಸಿದ ಕೆಲವೇ ಕ್ಷಣಗಳಲ್ಲಿ ಒತ್ತಡವು ಥಟ್ಟನೆ ಇಳಿಯುವುದು. ಕೆಲವರಿಗೆ ಆಗ ತಲೆಸುತ್ತು ಬರುವುದೂ ಇದರಿಂದಲೇ.

ಪ್ರತಿದಿನವೂ ಹೀಗೆ ಏರಿಳಿದರೆ ಒತ್ತಡವು ಶಾಶ್ವತವಾಗಿ ಏರಿಯೇ ನಿಲ್ಲದೆ ಎಂದು ವಾಚಕರು ಕೇಳಬಹುದು. ನಡೆದಿರುವ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕ್ರಮವಾದ ಭಾರದ ವ್ಯಾಯಾಮವು ವಿಶ್ರಾಂತಿಯ ಕಾಲದ ಒತ್ತಡವನ್ನು ಏರಿಸುವ ಬದಲು ಕೆಲವು ಮಿಲಿಮೀಟರು ಇಳಿಸುವುದೆಂದೇ ತಿಳಿದುಬಂದಿದೆ. ಆದುದರಿಂದ ಪಟುವಿನ ಒತ್ತಡ ನಿಜವಾಗಿಯೂ ಹೆಚ್ಚಿದ್ದರೆ, ವ್ಯಾಯಾಮ ಮಾಡುವವನಿಗೆ ಅದು ಸಹಜವೆಂದು ಹೇಳಿ ಸುಮ್ಮನಾಗುವಂತಿಲ್ಲ.

ಮತ್ತೊಂದು ವಿಚಾರವುಂಟು. ಎಳೆಯ ವಯಸ್ಸಿನ ಧಮನಿಗಳು ಸ್ಥಿತಿಸ್ಥಾಪಕ ಗುಣವುಳ್ಳವು. ಹೃದಯದಿಂದ ಹೊರಟ ನಾಡಿಯ ಅಲೆಯು ಮಹಾಧಮನಿಯಿಂದ ತೋಳಿಗೆ ಸಾಗುವಷ್ಟರಲ್ಲಿ ಇನ್ನಷ್ಟು ಉಬ್ಬುತ್ತದೆ. ಇದರಿಂದ ಕೆಲವು ತರುಣರಲ್ಲಿ, ಅದರಲ್ಲಿಯೂ ಎತ್ತರದ ಆಳುಗಳಲ್ಲಿ, ಮಹಾಧಮನಿಯ ಒತ್ತಡ ಸಾಧಾರಣವಾಗಿದ್ದರೂ ತೋಳಿನಲ್ಲಿ ಮೇಲಿನ ಅಂಕಿ ಮಾತ್ರ ಹೆಚ್ಚಾಗಿ ಕಾಣುವುದುಂಟು. ಆದರೆ ಇದು ನಿರಪಾಯವೇ ಎಂಬ ವಿಷಯದಲ್ಲಿ ವೈದ್ಯರಿಗೆ ಒಮ್ಮತವಿಲ್ಲ. ಅಂಥವರನ್ನು ವರ್ಷವರ್ಷವೂ ಪರೀಕ್ಷಿಸುತ್ತಿರುವುದೇ ಲೇಸು.

ಅಂಕಿ ನಿಜವಾದಾಗ

ಇಷ್ಟನ್ನು ಓದಿ, ಬಲಶಾಲಿಗಳ ಒತ್ತಡವೆಲ್ಲ ಬರಿಯ ಅಳತೆಯ ತಪ್ಪೆಂದು ತಿಳಿದರೆ ಅದು ದೊಡ್ಡ ಅಪಾಯ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆ ದೇಶದ ಬಗೆಯ ಫುಟ್‌ಬಾಲ್ ಆಡುವ ಮೊದಲ ವರ್ಷದ 113 ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ವರದಿ 2013ರಲ್ಲಿ ಪ್ರಕಟವಾಯಿತು. ಒಂದು ಋತುವಿನ ಆಟ ಮುಗಿಯುವಷ್ಟರಲ್ಲಿ ಅವರಲ್ಲಿ 16 ಮಂದಿ ಅಧಿಕ ಒತ್ತಡದ ಮಟ್ಟವನ್ನು ಮುಟ್ಟಿದ್ದರು. ಎದುರಾಳಿಯನ್ನು ಮೈಯೊಡ್ಡಿ ತಡೆಯುವ ಮುಂದಿನ ಸಾಲಿನ ಭಾರೀ ಆಟಗಾರರು, ತೂಕ ಹೆಚ್ಚಿಸಿಕೊಂಡವರು, ಮನೆತನದಲ್ಲಿ ಈ ರೋಗವಿದ್ದವರು—ಇವರಿಗೆ ಅಪಾಯ ಹೆಚ್ಚೆಂದು ಕಂಡುಬಂದಿತು.

ಕಾರಣಗಳು ಹಲವು. ಬಲವೃದ್ಧಿಗೆಂದು ಗುಟ್ಟಾಗಿ ಸೇವಿಸುವ ಅನಬಾಲಿಕ್ ಸ್ಟೀರಾಯ್ಡುಗಳು ಒತ್ತಡವನ್ನು ಏರಿಸುತ್ತವೆ, ರಕ್ತವನ್ನು ಮಂದಗೊಳಿಸುತ್ತವೆ, ಹೃದಯದ ಸ್ನಾಯುವಿಗೂ ಕೇಡು ಮಾಡುತ್ತವೆ. ಕೆಫೀನು ತುಂಬಿದ ಉತ್ತೇಜಕ ಪುಡಿಗಳು, ನೋವಿಗೆ ದಿನವೂ ನುಂಗುವ ಕೆಲವು ಮಾತ್ರೆಗಳು, ನೆಗಡಿಯ ಕೆಲವು ಔಷಧಗಳು, ಮಿತಿಮೀರಿದ ಉಪ್ಪು ಇವೂ ಕಾರಣವಾಗಬಹುದು. ಕೊರಳು ದಪ್ಪವಾದವರಲ್ಲಿ ಗೊರಕೆಯೊಡನೆ ನಿದ್ರೆಯ ನಡುವೆ ಉಸಿರು ಕಟ್ಟುವ ತೊಂದರೆಯಿದ್ದರೆ ಅದರಿಂದಲೂ ಒತ್ತಡ ಏರುವುದು. ಮೂತ್ರಪಿಂಡದ ಇಲ್ಲವೆ ಅದರ ಮೇಲಿನ ಗ್ರಂಥಿಯ ರೋಗವೂ, ಹುಟ್ಟಿನಿಂದಲೇ ಮಹಾಧಮನಿ ಒಂದೆಡೆ ಕಿರಿದಾಗಿರುವ ದೋಷವೂ ತರುಣರಲ್ಲಿ ಅಪರೂಪಕ್ಕೆ ಪತ್ತೆಯಾಗುವುದುಂಟು. ಮಹಾಧಮನಿಯ ದೋಷದಲ್ಲಿ ತೋಳಿನ ಒತ್ತಡ ಹೆಚ್ಚಾಗಿದ್ದು ಕಾಲಿನ ಒತ್ತಡ ಕಡಮೆಯಾಗಿರುವುದು. ತೊಡೆಸಂದಿಯ ನಾಡಿಯನ್ನು ಮುಟ್ಟಿ ನೋಡಿದರೇ ವೈದ್ಯರಿಗೆ ಅದರ ಸುಳಿವು ಸಿಗಬಹುದು.

ಅಧಿಕ ಒತ್ತಡವು ವರ್ಷಗಟ್ಟಲೆ ಯಾವ ನೋವನ್ನೂ ಕೊಡದೆ ಮಿದುಳು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಭಾರ ಎತ್ತುವ ಶಕ್ತಿ ಕುಂದಿಲ್ಲವೆಂಬುದು ಆರೋಗ್ಯಕ್ಕೆ ಸಾಕ್ಷಿಯಾಗಲಾರದು.

ಮಾಡಬೇಕಾದುದೇನು?

ಅರ್ಧ ಗಂಟೆಯ ಹಿಂದಿನಿಂದ ವ್ಯಾಯಾಮ, ಕಾಫಿ, ಧೂಮಪಾನಗಳನ್ನು ಬಿಟ್ಟಿರಬೇಕು. ಮೂತ್ರವಿಸರ್ಜನೆ ಮಾಡಿ, ಬೆನ್ನಿಗೆ ಒರಗು ಕೊಟ್ಟು, ಪಾದಗಳನ್ನು ನೆಲದ ಮೇಲೂರಿ, ಐದು ನಿಮಿಷ ಮಾತಿಲ್ಲದೆ ಕುಳಿತಿರಬೇಕು. ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಡಬೇಕು. ರಟ್ಟೆಯ ಸುತ್ತಳತೆಯನ್ನು ಟೇಪಿನಿಂದ ಅಳೆದು ತಕ್ಕ ಪಟ್ಟಿಯನ್ನು ಆರಿಸಬೇಕು; ಅದರೊಳಗಿನ ಗಾಳಿಚೀಲವು ತೋಳಿನ ನೂರಕ್ಕೆ 80 ಪಾಲನ್ನಾದರೂ ಸುತ್ತುವರಿಯುವಂತಿರಬೇಕು. ಎರಡು ಮೂರು ಬಾರಿ ಅಳೆದು, ಬೇರೆ ಬೇರೆ ದಿನಗಳಲ್ಲಿಯೂ ಪರೀಕ್ಷಿಸಬೇಕು. ಮನೆಯಲ್ಲಿ ಬೆಳಿಗ್ಗೆ, ಸಂಜೆ ಒಂದು ವಾರ ಅಳೆದು ಬರೆದಿಟ್ಟರೆ ಇನ್ನೂ ಉತ್ತಮ. ಸಂದೇಹ ಉಳಿದರೆ ಇಪ್ಪತ್ತನಾಲ್ಕು ಗಂಟೆಯೂ ತಾನಾಗಿ ಅಳೆಯುವ ಉಪಕರಣವಿದೆ.

ಯುರೋಪಿನ ವೈದ್ಯರು ಆಸ್ಪತ್ರೆಯಲ್ಲಿ 140/90, ಮನೆಯಲ್ಲಿ 135/85 ಇವನ್ನು ರೋಗದ ಗಡಿಯೆಂದು ಎಣಿಸುತ್ತಾರೆ. ಅಮೆರಿಕದವರು 2017ರಲ್ಲಿ ಆ ಗಡಿಯನ್ನು 130/80ಕ್ಕೆ ಇಳಿಸಿದರು. ಸರಿಯಾಗಿ ಅಳೆದ ಮೇಲೂ ಅಂಕಿ ಈ ಗಡಿಗಳ ಮೇಲೆಯೇ ನಿಂತರೆ ರಕ್ತ, ಮೂತ್ರ, ಹೃದಯಗಳ ಪರೀಕ್ಷೆ ಆಗಲೇಬೇಕು. 180/120ನ್ನು ಮೀರಿ, ಜೊತೆಗೆ ಎದೆನೋವು, ಏದುಸಿರು, ದೃಷ್ಟಿ ಮಂಜಾಗುವುದು, ಕೈಕಾಲು ಸೋಲುವುದು ಮುಂತಾದ ಚಿಹ್ನೆಗಳಿದ್ದರೆ ಒಂದು ನಿಮಿಷವೂ ತಡೆಯದೆ ಆಸ್ಪತ್ರೆಗೆ ಹೋಗಬೇಕು.

ಹಾಗೆಂದು ತರುಣರು ವ್ಯಾಯಾಮಕ್ಕೆ ಶರಣು ಹೊಡೆಯಬೇಕಾಗಿಲ್ಲ. ಒತ್ತಡವು 160/100ನ್ನು ಮೀರಿದ್ದರೆ ಅದು ಹತೋಟಿಗೆ ಬರುವವರೆಗೆ ಅತಿಭಾರವನ್ನು ಎತ್ತದಿರುವುದು ಕ್ಷೇಮ. ಅನಂತರ ಹದವಾದ ಭಾರವನ್ನು, ಉಸಿರು ಕಟ್ಟದೆ, ಎತ್ತುವಾಗ ಉಸಿರನ್ನು ಬಿಡುತ್ತ ಅಭ್ಯಾಸ ಮಾಡಬಹುದು. ಬಿರುಸಿನ ನಡಿಗೆ, ಓಟ, ಈಜು ಇವುಗಳನ್ನೂ ಸೇರಿಸಿಕೊಳ್ಳಬೇಕು. ಸ್ಪರ್ಧೆಗಳಲ್ಲಿ ಭಾಗವಹಿಸುವವರು ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಏಕೆಂದರೆ ಈ ರೋಗಕ್ಕೆ ಕೊಡುವ ಮೂತ್ರವರ್ಧಕ ಮಾತ್ರೆಗಳು ಕ್ರೀಡೆಯಲ್ಲಿ ನಿಷಿದ್ಧ. ಸೇವಿಸುವ ಪುಡಿ, ಚುಚ್ಚುಮದ್ದುಗಳ ಸಂಗತಿಯನ್ನಂತೂ ಸಂಕೋಚಪಟ್ಟು ಮುಚ್ಚಿಡಲೇಬಾರದು.

ಒಂದೇ ಬಾರಿಯ ಅಂಕಿಯನ್ನು ಕಂಡು ಆರೋಗ್ಯವಂತನಿಗೆ ರೋಗಿಯ ಪಟ್ಟ ಕಟ್ಟುವುದು ಅನ್ಯಾಯ; ಮೈಕಟ್ಟಿನ ಅಂದಕ್ಕೆ ಮರುಳಾಗಿ ರೋಗಿಯನ್ನು ಆರೋಗ್ಯವಂತನೆನ್ನುವುದು ಅದಕ್ಕೂ ದೊಡ್ಡ ಅನ್ಯಾಯ. ತಕ್ಕ ಪಟ್ಟಿಯೊಂದು, ಐದು ನಿಮಿಷದ ಮೌನ, ಮತ್ತೆ ಮತ್ತೆ ಅಳೆಯುವ ತಾಳ್ಮೆ—ಇಷ್ಟಿದ್ದರೆ ಇವೆರಡನ್ನೂ ಬಹುಮಟ್ಟಿಗೆ ತಪ್ಪಿಸಬಹುದು.