ನಿಮಗಿದು ಗೊತ್ತೇ? ಚಿಟಿಕೆ ಗೋಧಿಯ ಲೆಕ್ಕ

• ಪೊಟ್ಟಣದ ಮೇಲೆ ‘ಗ್ಲುಟೆನ್ ರಹಿತ’ ಎಂದಿದ್ದರೆ ಅದರಲ್ಲಿ ಗ್ಲುಟೆನ್ (ಗೋಧಿಯಲ್ಲಿರುವ ಪ್ರೋಟೀನ್) ಸೊನ್ನೆ ಎಂದಲ್ಲ. ಕಿಲೋ ಆಹಾರಕ್ಕೆ 20 ಮಿಲಿಗ್ರಾಂವರೆಗೆ ಇರಬಹುದು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ಯುರೋಪ್ ಒಕ್ಕೂಟ, ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಮೂರರದ್ದೂ ಇದೇ ಮಿತಿ.

• ‘ಕಡಿಮೆ ಗ್ಲುಟೆನ್’ ಬೇರೆ ಲೆಕ್ಕ: ಕಿಲೋಗೆ 20ರಿಂದ 100 ಮಿಲಿಗ್ರಾಂ. ಗ್ಲುಟೆನ್‌ನಿಂದ ಸಣ್ಣ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರುವವರು ಅದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

• 20 ಅನ್ನುವುದು ಆಹಾರದ ಲೆಕ್ಕ. ದೇಹದ ಲೆಕ್ಕವೇನು? ಸಂಶೋಧಕ ಕಾರ್ಲೊ ಕಟಾಸಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಸೀಲಿಯಾಕ್ ರೋಗಿಗಳಿಗೆ ಮೂರು ತಿಂಗಳು ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೊಟ್ಟಿದ್ದರು. ಅಷ್ಟಕ್ಕೇ ಸಣ್ಣ ಕರುಳಿನ ಒಳಪದರಕ್ಕೆ ಪೆಟ್ಟು ಬಿದ್ದಿತ್ತು. ಹೀಗಾಗಿ ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಬಹುತೇಕರಿಗೆ ಅಪಾಯವಿಲ್ಲ ಎಂದು ತಜ್ಞರು ಹೇಳುತ್ತಾರೆ. ಒಂದು ಚಿಟಿಕೆ ಗೋಧಿ ಹಿಟ್ಟಿನಲ್ಲೇ ಅದಕ್ಕಿಂತ ಹೆಚ್ಚು ಗ್ಲುಟೆನ್ ಇರುತ್ತದೆ! ‘ಒಂದು ತುತ್ತು ತಿಂದರೆ ಏನೂ ಆಗಲ್ಲ’ ಎಂದು ನೆಂಟರ ಮನೆಯಲ್ಲಿ ಒತ್ತಾಯ ಮಾಡುವವರು ಇದನ್ನು ತಿಳಿದಿರಬೇಕು.

• ಹೊಟ್ಟೆನೋವು, ಭೇದಿ ಇಲ್ಲದಿದ್ದರೂ ಒಳಗೆ ಕರುಳು ಹಾಳಾಗುತ್ತಿರಬಹುದು. ತಿಂದದ್ದು ಒಗ್ಗಿತು ಎಂದು ನಂಬಿ ಕೂರುವಂತಿಲ್ಲ.

• ಸಾರಿನ ಒಗ್ಗರಣೆಗೆ ಹಾಕುವ ಇಂಗನ್ನೇ ನೋಡಿ. ಅಂಗಡಿಯಲ್ಲಿ ಸಿಗುವ ಇಂಗು ಬಹುಮಟ್ಟಿಗೆ ಅಪ್ಪಟವಲ್ಲ. ಅದಕ್ಕೆ ಗೋಧಿ ಹಿಟ್ಟೋ ಮೈದಾವೋ ಸೇರಿರುವುದು ಸಾಮಾನ್ಯ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿ.

• ರಾಗಿ, ಜೋಳ, ನವಣೆ, ಅಕ್ಕಿ ಯಾವುದರಲ್ಲೂ ಸೀಲಿಯಾಕ್‌ಗೆ ಕಾರಣವಾಗುವ ಗ್ಲುಟೆನ್ ಇಲ್ಲ. ಆದರೆ ಗಿರಣಿಯಲ್ಲಿ ನಿಮಗಿಂತ ಮುಂದಿನವರು ಗೋಧಿ ಬೀಸಿಸಿದ್ದರೆ, ಕಲ್ಲಿನಲ್ಲಿ ಉಳಿದ ಹಿಟ್ಟು ನಿಮ್ಮ ರಾಗಿಗೂ ಸೇರುತ್ತದೆ. ಮನೆಯಲ್ಲೇ ಬೀಸಿಕೊಳ್ಳುವುದು ಕ್ಷೇಮ.

• ರವೆ ಇಡ್ಲಿ, ಉಪ್ಪಿಟ್ಟು, ಕೇಸರಿಭಾತ್, ಗೋಧಿ ಶಾವಿಗೆ: ಎಲ್ಲವೂ ಗೋಧಿಯೇ. ಕಾವಲಿಯ ಮೇಲೆ ಬೆಂದರೂ ಎಣ್ಣೆಯಲ್ಲಿ ಕರಿದರೂ ಗ್ಲುಟೆನ್ ನಾಶವಾಗದು. ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿದರೆ ಹಪ್ಪಳಕ್ಕೂ ಅಂಟಬಹುದು.

• 2016ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ 1.23 ಮಂದಿಯ ರಕ್ತದಲ್ಲಿ ಸೀಲಿಯಾಕ್‌ನ ಗುರುತಾದ ಪ್ರತಿಕಾಯಗಳು ಕಂಡುಬಂದವು, ದಕ್ಷಿಣದಲ್ಲಿ 0.10 ಮಂದಿಯಲ್ಲಿ ಮಾತ್ರ. ಇಲ್ಲಿ ಗೋಧಿ ತಿನ್ನುವುದು ಕಡಿಮೆ ಎಂಬುದು ಒಂದು ಕಾರಣ.

• ಸೀಲಿಯಾಕ್ ಇಲ್ಲದೆಯೂ ಗೋಧಿ ತಿಂದರೆ ಹೊಟ್ಟೆ ಉಬ್ಬರ, ತಲೆನೋವು ಬರುವವರಿದ್ದಾರೆ. ಇಂಥವರಿಗೆ ಇಷ್ಟೇ ಮಿಲಿಗ್ರಾಂ ಎಂಬ ಮಿತಿ ನಿಗದಿಯಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣ.

• ಅನುಮಾನ ಬಂತೆಂದು ಚಪಾತಿ ಬಿಟ್ಟು ಆಮೇಲೆ ರಕ್ತ ಪರೀಕ್ಷೆಗೆ ಹೋಗಬೇಡಿ. ಗೋಧಿ ಬಿಟ್ಟವರ ರಕ್ತದಲ್ಲಿ ಕಾಯಿಲೆಯ ಗುರುತು ಮಾಯವಾಗಿ, ಇದ್ದ ರೋಗವೂ ಇಲ್ಲವೆಂದು ಬರಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.