ಸಬ್ಬಕ್ಕಿಯ ಹುಳುವೂ ಪೊಟ್ಟಣದ ಹಸಿರು ಚುಕ್ಕಿಯೂ

ತಪಸ್ಸುಕಾಲದಲ್ಲಿ ನಮ್ಮ ಮನೆಗಳಲ್ಲಿ ಒಂದು ಅನುಮಾನ ಏಳುತ್ತದೆ: ಸಬ್ಬಕ್ಕಿ ಸಸ್ಯಾಹಾರವೇ? ಸೇಲಂನಿಂದ ಕೊಯಮತ್ತೂರಿಗೆ ಹೋಗುವ ದಾರಿಯ ಕಾರ್ಖಾನೆಗಳಲ್ಲಿ ಮರಗೆಣಸನ್ನು ತಿಂಗಳುಗಟ್ಟಲೆ ಗುಂಡಿಯಲ್ಲಿ ಕೊಳೆಸಿ, ಹುಳುಗಳ ಸಮೇತ ತುಳಿದು ಸಬ್ಬಕ್ಕಿ ಮಾಡುತ್ತಾರೆಂಬ ಬರಹವೊಂದು ಬಹಳ ವರ್ಷಗಳಿಂದ ಹರಿದಾಡುತ್ತಿದೆ.

ಸೇಲಂ, ಧರ್ಮಪುರಿ ಜಿಲ್ಲೆಗಳ ಬೆಳೆಗಾರರಿಗೆ ಇದು ನಗುವ ಮಾತಲ್ಲ. ಅಲ್ಲಿಯ ಜವ್ವರಿಸಿ ಹೆಚ್ಚಾಗಿ ಮಹಾರಾಷ್ಟ್ರ ಮುಂತಾದ ಕಡೆ ಉಪವಾಸದ ಅಡಿಗೆಗೆ ಹೋಗುತ್ತದೆ. ಉಪವಾಸ ಮಾಡುವವರು ಅನುಮಾನಪಟ್ಟರೆ ಗೆಡ್ಡೆಯ ಬೆಲೆ ಇಲ್ಲಿ ಬೀಳುತ್ತದೆ.

ಮರಗೆಣಸು ಬೆಳೆದವರಿಗೆ ಉತ್ತರ ಗೊತ್ತು. ಕಿತ್ತ ಗೆಡ್ಡೆ ಎರಡು ಮೂರು ದಿನದಲ್ಲೇ ಒಳಗೆ ಕಪ್ಪಾಗತೊಡಗುತ್ತದೆ. ಕಾರ್ಖಾನೆಯವರು ಹಣ ಕೊಡುವುದು ಗೆಡ್ಡೆಯಲ್ಲಿರುವ ಪಿಷ್ಟದ ‘ಪಾಯಿಂಟ್’ ಲೆಕ್ಕದಲ್ಲಿ. ಕೊಳೆಸಿದರೆ ಆ ಪಿಷ್ಟವೇ ಹಾಳು. ಆದ್ದರಿಂದ ಬಂದ ಗೆಡ್ಡೆಯನ್ನು ಬೇಗನೆ ತೊಳೆದು, ಸಿಪ್ಪೆ ಸುಲಿದು, ಅರೆದು, ಹಾಲು ಸೋಸಿ ತೊಟ್ಟಿಗೆ ಬಿಡುತ್ತಾರೆ. ಕೆಲವು ಗಂಟೆಗಳಲ್ಲಿ ತಳಕ್ಕೆ ಕೂತ ಹಿಟ್ಟನ್ನು ಕುಲುಕಿ ಹರಳು ಮಾಡಿ, ಹುರಿದು ಅಥವಾ ಹಬೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ಕಾರ್ಖಾನೆಗಳ ಕೊಳೆನೀರಿನ ನಾತವೇ ಈ ಕತೆಗೆ ಮೂಲವಿರಬಹುದೆಂದು ನಮ್ಮ ಊಹೆ. ಬಿಳುಪಿಗಾಗಿ ಕೆಲವರು ರಾಸಾಯನಿಕ ಬಳಸುತ್ತಾರೆಂಬುದು ಬೇರೆ ದೂರು, ಅದು ನಿಜವಾದ ದೂರು. ಆದ್ದರಿಂದ ಅತಿ ಬಿಳುಪಾದ ಸಬ್ಬಕ್ಕಿಯನ್ನು ಕೊಳ್ಳದಿರುವುದೇ ಲೇಸು.

ಪ್ರಾಣಿಮೂಲದ ವಸ್ತು ಅಡಗಿರುವುದು ಅಂಗಡಿಯ ಬಣ್ಣದ ಪೊಟ್ಟಣಗಳಲ್ಲಿ. ಧರ್ಮಸಭೆಯ ನಿಯಮ ಇಲ್ಲಿ ಸರಳ: 1966ರಲ್ಲಿ ಜಗದ್ಗುರು ಆರನೇ ಪೌಲರು ಮಾಂಸತ್ಯಾಗವೆಂದರೆ ಮಾಂಸ ಮಾತ್ರ, ಮೊಟ್ಟೆ ಹಾಲುಗಳಲ್ಲ ಎಂದು ಸ್ಪಷ್ಟಪಡಿಸಿದರು. ಆದರೆ ಹಾಲು, ಜೇನನ್ನೂ ಬಿಟ್ಟ ವೀಗನ್ ಯುವಕ ಯುವತಿಯರು ಈಗ ನಮ್ಮಲ್ಲೂ ಇದ್ದಾರೆ. ಅವರಿಗೆ ಹಸಿರು ಚುಕ್ಕಿ ಸಾಲದು. ನಮ್ಮ ಕಾನೂನು ಹಾಲು, ಜೇನು, ಜೇನುಮೇಣ, ಅರಗುಗಳನ್ನು ಮಾಂಸಾಹಾರವೆಂದು ಎಣಿಸುವುದಿಲ್ಲ. ಹೀಗಾಗಿ ಮಿಠಾಯಿಗೆ ಹೊಳಪು ಕೊಡುವ 904 ಎಂಬ ಅರಗು, 901 ಎಂಬ ಜೇನುಮೇಣ, ಬಿಸ್ಕತ್ತಿನ ಹಾಲಿನ ಪುಡಿ ಎಲ್ಲವೂ ಹಸಿರು ಚುಕ್ಕಿಯಡಿಯಲ್ಲೇ ಬರುತ್ತವೆ. ವ್ಹೇ, ಕೇಸೀನ್, ಲ್ಯಾಕ್ಟೋಸ್ ಎಂದಿದ್ದರೆ ಅದೂ ಹಾಲೇ. ಸಣ್ಣಕ್ಷರ ಓದಲಾಗದವರು, ಅಲರ್ಜಿಯವರಿಗಾಗಿ ‘ಹಾಲು ಇದೆ’ ಎಂದು ಬೇರೆಯಾಗಿ ಅಚ್ಚುಮಾಡಿದ ಸಾಲನ್ನು ಮೊದಲು ಹುಡುಕಲಿ.

ಕೆಂಪು ಬಣ್ಣದ 120 ಒಂದು ಜಾತಿಯ ಕೀಟದಿಂದ, ಜೆಲಟಿನ್ ಮೂಳೆ ಚರ್ಮಗಳಿಂದ ಬರುತ್ತವೆ. ಇವಿದ್ದರೆ ಹಸಿರು ಚುಕ್ಕಿ ಹಾಕುವಂತಿಲ್ಲ. ತೊಡಕಿನವು 471 ಮತ್ತು 631. ಮೊದಲನೆಯದು ತಾಳೆಎಣ್ಣೆಯಿಂದಲೂ ಪ್ರಾಣಿಗಳ ಕೊಬ್ಬಿನಿಂದಲೂ ಆಗುತ್ತದೆ. ಎರಡನೆಯದು ಮೀನು, ಮಾಂಸದಿಂದಲೂ ಆಗಬಹುದು, ಗೆಣಸಿನ ಪಿಷ್ಟವನ್ನು ಹುದುಗಿಸಿಯೂ ಆಗಬಹುದು. ಸಂಖ್ಯೆ ನೋಡಿದರೆ ಮೂಲ ತಿಳಿಯದು. ಇಂಥ ಪದಾರ್ಥಗಳ ಮೂಲವನ್ನೂ ತಿಳಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಆದೇಶಿಸಿತು. 2022ರ ನಿಯಮದಂತೆ ವೀಗನ್ ಆಹಾರಕ್ಕೆ ‘ವಿ’ ಅಕ್ಷರದ ಪ್ರತ್ಯೇಕ ಹಸಿರು ಗುರುತೂ ಇದೆ.

ಬೇಕರಿಯ ಬಿಡಿ ತಿನಿಸಿಗೆ ಯಾವ ಚೀಟಿಯೂ ಇರುವುದಿಲ್ಲ. ಮೊಟ್ಟೆ ಹಾಕಿದ್ದೀರಾ, ಬೆಣ್ಣೆಯೋ ವನಸ್ಪತಿಯೋ ಎಂದು ಅಂಗಡಿಯವರನ್ನೇ ಕೇಳಬೇಕು.